ಟೈಸ್ತೊನ ದೀಪಕ್ಕೆ ಚಳಿಯಾಗುವುದಿಲ್ಲ

ಟೈಸ್ತೊ ಕೆಲ್ಲೊಕುಂಪುವಿಗೆ ಎಷ್ಟು ಕೋಪ ಬಂದಿದೆ ಎಂಬುದನ್ನು ಅವನ ಟೋಪಿ ನೋಡಿ ತಿಳಿಯಬೇಕು. ಬಾಯಿಂದ ತಿಳಿಯುವಂತಿಲ್ಲ, ಅವನದು ಬಾಯಿ ಬಿಡುವ ವಂಶವೇ ಅಲ್ಲ. ತುಪ್ಪಳದ ಟೋಪಿಯ ಒಂದು ಕಿವಿ ಇಳಿದಿದ್ದರೆ ಸಣ್ಣ ಕೋಪ. ಎರಡೂ ಇಳಿದಿದ್ದರೆ ದೊಡ್ಡದು. ಎರಡನ್ನೂ ಇಳಿಸಿ ಗದ್ದದ ಕೆಳಗೆ ದಾರವನ್ನು ಗಂಟು ಹಾಕಿಕೊಂಡನೆಂದರೆ ಹೆಂಡತಿ ಐಲಿ ಕಾಫಿ ಪಾತ್ರೆಯನ್ನು ಮೇಜಿನ ಮೇಲಿಟ್ಟು ತಂಗಿಯ ಮನೆಗೆ ಹೊರಟುಬಿಡುತ್ತಾಳೆ. ಮದುವೆಯಾದ ಮೂವತ್ತೈದು ವರ್ಷಗಳಲ್ಲಿ ಆ ಗಂಟು ಬಿದ್ದದ್ದು ಎರಡೇ ಸಲ. ಈ ಕತೆಯ ಚಳಿಗಾಲದಲ್ಲಿ ಡಿಸೆಂಬರಿನಲ್ಲಿ ಬಿದ್ದದ್ದು ಏಪ್ರಿಲ್‌ವರೆಗೆ ಬಿಚ್ಚಲಿಲ್ಲ.

ಫಿನ್ಲೆಂಡಿನ ಉತ್ತರದ ತುದಿಗೆ ಹತ್ತಿರವಿರುವ ಹಿರ್ವಿವಾರ ಊರಿನ ಪುಸ್ತಕದ ಬಸ್ಸಿಗೆ ಟೈಸ್ತೊ ಚಾಲಕ. ಒಳಗೆ ಎರಡು ಸಾಲು ಕಪಾಟು, ಮಕ್ಕಳಿಗೊಂದು ಮೂಲೆ, ಒಂದು ಕಾಫಿ ಫ್ಲಾಸ್ಕು. ಓದುಗರು ಊರಿಗೆ ಬರಲಾರದಷ್ಟು ದೂರದಲ್ಲಿರುವುದರಿಂದ ಗ್ರಂಥಾಲಯವೇ ಅವರ ಬಳಿಗೆ ಹೋಗುತ್ತದೆ. ನಿವೃತ್ತಿಗೆ ಇನ್ನು ಎರಡು ವರ್ಷ. ಸ್ಟೀರಿಂಗ್ ಹಿಡಿದುಕೊಂಡೇ ನಿವೃತ್ತನಾಗಬೇಕು ಎನ್ನುವುದು ಅವನ ಒಂದೇ ಆಸೆ. ಅವನಿಗಿಂತ ಮೊದಲಿದ್ದ ಚಾಲಕನಿಗೆ ಬೆನ್ನು ಹಿಡಿದುಕೊಂಡಾಗ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸಲು ಕೂರಿಸಿದ್ದರು. ಅಲ್ಲಿ ಕಿಟಕಿಯೂ ಇರಲಿಲ್ಲ. ಅವನು ಇಳಿದು ಹೋದದ್ದನ್ನು ಟೈಸ್ತೊ ನೋಡಿದ್ದ, ಮೇಲೆ ಬಂದದ್ದನ್ನು ನೋಡಿದ ನೆನಪಿರಲಿಲ್ಲ.

ಎಲ್ಲ ಶುರುವಾದದ್ದು ಹಿಂದಿನ ವಸಂತದಲ್ಲಿ, ಹೊಸ ಬಸ್ಸು ಕೊಳ್ಳುವ ಸಭೆಯಲ್ಲಿ. ಊರಾಡಳಿತದ ಸಂಸ್ಕೃತಿ ವಿಭಾಗದ ಮುಖ್ಯಸ್ಥೆ ಮಿಂತ್ತು ರಾಪ್ಪನಾ, ವಯಸ್ಸು ಮೂವತ್ತನಾಲ್ಕು, ಎಲ್ಲವನ್ನೂ ಬರೆದುಕೊಳ್ಳುವ ಹೆಣ್ಣುಮಗಳು, ಪಟ್ಟಿಯನ್ನು ಓದುತ್ತಾ ಒಂದು ಕಡೆ ನಿಂತಳು.

"ಹೆಡ್‌ಲೈಟು ಎಲ್‌ಇಡಿ. ಅದರ ಗಾಜಿಗೆ ಬಿಸಿ ಮಾಡೋ ತಂತಿ ಬೇಕಾ, ಬೇಡ್ವಾ ಅಂತ ಕೇಳಿದ್ದಾರೆ. ಬೇಕು ಅಂದ್ರೆ ಬಸ್ಸು ಮೂರು ವಾರ ತಡ ಆಗತ್ತೆ."

ಸಭೆಯಲ್ಲಿದ್ದ ಏಳು ಜನರೂ ಟೈಸ್ತೊನ ಕಡೆ ತಿರುಗಿದರು. ಎಲ್‌ಇಡಿ ಎಂದರೇನೆಂದು ಟೈಸ್ತೊನಿಗೆ ಗೊತ್ತಿರಲಿಲ್ಲ. 'ಗೊತ್ತಿಲ್ಲ' ಎಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು, ಎಲ್ಲರೂ ಏಲಕ್ಕಿ ಬನ್ನು ತಿಂದು ಮನೆಗೆ ಹೋಗುತ್ತಿದ್ದರು. ಆದರೆ ಏಳು ಜನ ಒಟ್ಟಿಗೆ ಅವನ ಅಭಿಪ್ರಾಯ ಕೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಅವನು ಎದ್ದು ನಿಂತ.

"ಹೆಡ್‌ಲೈಟಿಗೆ ಬಿಸಿನಾ? ಹಾಗಾದ್ರೆ ಟೈರಿಗೂ ಕಾಲುಚೀಲ ಹಾಕ್ಸಿ. ಮೂವತ್ತೊಂದು ವರ್ಷ ಓಡ್ಸಿದೀನಿ, ನನ್ನ ದೀಪದ ಮೇಲೆ ಒಂದು ಹಿಡಿ ಹಿಮ ಕೂತಿದ್ದು ನೋಡಿಲ್ಲ. ದೀಪ ಅಂದ್ಮೇಲೆ ಅದರ ಬಿಸಿ ಅದಕ್ಕಿದ್ದೇ ಇರತ್ತೆ."

ಸಭೆ ನಕ್ಕಿತು. ಮಿಂತ್ತು ಬರೆದುಕೊಂಡಳು: ಚಾಲಕ ಕೆಲ್ಲೊಕುಂಪು ಅವರ ಮೂವತ್ತೊಂದು ವರ್ಷಗಳ ಅನುಭವದ ಆಧಾರದ ಮೇಲೆ ದೀಪಕ್ಕೆ ಬಿಸಿ ಬೇಡವೆಂದು ತೀರ್ಮಾನಿಸಲಾಯಿತು. ಕೆಳಗೆ ಸಹಿ ಹಾಕಿದಳು. ಬಸ್ಸು ಬಂದ ದಿನ ಊರಿನ ಪತ್ರಿಕೆಯವರು ಬಂದು, ಎಡ ಹೆಡ್‌ಲೈಟಿನ ಮೇಲೆ ಟೈಸ್ತೊ ಕೈಯಿಟ್ಟು ನಿಂತಿರುವ ಫೋಟೋ ತೆಗೆದರು. 'ನನ್ನ ದೀಪಕ್ಕೆ ಚಳಿಯಾಗುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಹಾಕಿದರು. ಮಿಂತ್ತು ಅದಕ್ಕೆ ಚೌಕಟ್ಟು ಹಾಕಿಸಿ ಗ್ರಂಥಾಲಯದ ಬಾಗಿಲಲ್ಲಿ ತೂಗುಹಾಕಿಸಿದಳು. ಐಲಿ ಬಂದ ನೆಂಟರಿಗೆಲ್ಲ ಅದನ್ನು ತೋರಿಸಿದಳು.

ನವೆಂಬರಿನಲ್ಲಿ ಹಿಮ ಬಿತ್ತು.

ಅಲ್ಲಿ ಆ ತಿಂಗಳು ಮಧ್ಯಾಹ್ನ ಎರಡಕ್ಕೇ ಕತ್ತಲು. ಟೈಸ್ತೊ ಹೊರಟು ಹತ್ತು ಕಿಲೋಮೀಟರು ಹೋಗುವಷ್ಟರಲ್ಲಿ ರಸ್ತೆ ಮಂಕಾಯಿತು. ಕನ್ನಡಕ ಒರೆಸಿಕೊಂಡ. ಮುಂದಿನ ಗಾಜು ಒರೆಸಿದ. ಕೊನೆಗೆ ಇಳಿದು ಮುಂದೆ ಹೋಗಿ ನೋಡಿದರೆ ಎರಡೂ ಹೆಡ್‌ಲೈಟಿನ ಮೇಲೆ ಅಂಗೈ ದಪ್ಪ ಹಿಮ ಮೆತ್ತಿಕೊಂಡು ಕೂತಿದೆ. ಒಳಗೆಲ್ಲೋ ದೀಪ ಉರಿಯುತ್ತಿದೆ, ಉರಿಯುತ್ತಿರುವುದು ಅದಕ್ಕೆ ಮಾತ್ರ ಗೊತ್ತು. ಹಳೆಯ ಬಸ್ಸಿನ ಬಲ್ಬುಗಳು ಕುದಿಯುವ ಕೆಟಲಿನಂತೆ ಕಾದು ಬಿದ್ದ ಹಿಮವನ್ನು ತಾವೇ ಕರಗಿಸಿಕೊಳ್ಳುತ್ತಿದ್ದವು. ಈ ಹೊಸ ದೀಪವೂ ಬಿಸಿಯಾಗುತ್ತದೆ, ಆದರೆ ಆ ಬಿಸಿಯನ್ನು ಅದು ಹಿಂದಕ್ಕೆ, ತನ್ನ ಬೆನ್ನಿಗೆ ಬಿಟ್ಟುಕೊಳ್ಳುತ್ತದೆ. ಗಾಜು ಫ್ರಿಜ್ಜಿನಷ್ಟು ತಣ್ಣಗಿತ್ತು.

"ದರಿದ್ರದ್ದೇ," ಎಂದ ಟೈಸ್ತೊ. ಟೋಪಿಯ ಒಂದು ಕಿವಿ ಇಳಿಯಿತು.

ಈಗ ಮಿಂತ್ತುವಿಗೆ ಹೋಗಿ ಹೇಳಬೇಕಾದದ್ದು ಧರ್ಮ. ಆದರೆ ಅವಳ ಕೋಣೆಗೆ ಹೋಗಬೇಕಾದರೆ ಆ ಫೋಟೋದ ಕೆಳಗೇ ಹಾದು ಹೋಗಬೇಕು. ಟೈಸ್ತೊ ಹೋಗಲಿಲ್ಲ. ಬದಲಿಗೆ ಒಂದು ಸಣ್ಣ ಬ್ರಷ್ಷನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡ. ಹತ್ತು ಕಿಲೋಮೀಟರಿಗೊಮ್ಮೆ ಬಸ್ಸು ನಿಲ್ಲಿಸುವುದು, ಹಿಂದೆ ಮುಂದೆ ನೋಡಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಇಳಿಯುವುದು, ಬಸ್ಸಿನ ಮುಂದೆ ಬಗ್ಗಿ ಎರಡು ನಿಮಿಷ ಒರೆಸುವುದು, ಬ್ರಷ್ಷನ್ನು ಕೋಟಿನೊಳಗೆ ತುರುಕಿ ಗುಂಡಿ ಹಾಕಿಕೊಳ್ಳುತ್ತಾ ಓಡಿಬಂದು ಹತ್ತುವುದು.

ಇದನ್ನು ಮೊದಲು ಕಂಡವನು ಓಯ್ವಾ. ಹಿಮ ತಳ್ಳುವ ಲಾರಿಯ ಚಾಲಕ, ಟೈಸ್ತೊನ ಜೊತೆಗೇ ಶಾಲೆ ಕಲಿತವನು. ನಿಂತ ಬಸ್ಸಿನ ಹಿಂದೆ ಲಾರಿ ನಿಲ್ಲಿಸಿ ಕಿಟಕಿ ಇಳಿಸಿದ. ಟೈಸ್ತೊ ಬಸ್ಸಿನ ಮುಂದೆ ಎಲ್ಲೋ ಇದ್ದಾನೆ, ಕಾಣುತ್ತಿಲ್ಲ.

"ಟೈಸ್ತೊ, ಏನಾದ್ರೂ ಕೆಟ್ಟಿದೆಯಾ?"

"ಏನೂ ಕೆಟ್ಟಿಲ್ಲ," ಎಂದು ಕತ್ತಲೊಳಗಿಂದ ದನಿ ಬಂತು.

"ಕೈ ಹಾಕ್ಲಾ?"

"ಬೇಡ. ಇತ್ತ ಬರ್ಬೇಡ. ನಿನ್ನ ದಾರಿ ನೋಡ್ಕೊಂಡು ಹೋಗು."

ಕತ್ತಲಲ್ಲಿ, ರಸ್ತೆ ಬದಿಯಲ್ಲಿ, ಅರವತ್ತೊಂದು ವರ್ಷದ ಗಂಡಸೊಬ್ಬ ಇತ್ತ ಬರಬೇಡ ಎಂದರೆ ಇನ್ನೊಬ್ಬ ಗಂಡಸು ಏನು ತಿಳಿಯಬೇಕೋ ಅದನ್ನು ಓಯ್ವಾ ತಿಳಿದ. ಆ ವಾರದಲ್ಲಿ ಅವನು ಅದನ್ನೇ ಇನ್ನೂ ಒಂಬತ್ತು ಸಲ ನೋಡಿದ. ಪ್ರತಿ ಸಲವೂ ಟೈಸ್ತೊ ಗುಂಡಿ ಹಾಕಿಕೊಳ್ಳುತ್ತಾ ಓಡಿಬರುತ್ತಿದ್ದ. ಓಯ್ವಾ ಮನೆಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಹೇಳಿದ: ಪಾಪ, ಟೈಸ್ತೊಗೆ ಮೂತ್ರದ ತೊಂದ್ರೆ, ಹತ್ತು ಕಿಲೋಮೀಟರು ತಡ್ಕೊಳಕ್ಕಾಗಲ್ಲ. ಯಾರಿಗೂ ಹೇಳಬಾರದೆಂದೂ ಹೇಳಿದ. ಆದ್ದರಿಂದ ಸುದ್ದಿ ನಾಲ್ಕೇ ದಿನದಲ್ಲಿ ಬಸ್ಸು ಹೋಗುವ ಅತಿ ದೂರದ ಊರಾದ ಲಂಪೆಲವನ್ನು ತಲುಪಿತು.

ಬೇರೆ ಯಾವ ದೇಶದಲ್ಲಾದರೂ ಯಾರಾದರೊಬ್ಬರು ನೆಟ್ಟಗೆ ಕೇಳುತ್ತಿದ್ದರು, ಇವನು ಬೈಯುತ್ತಿದ್ದ, ವಿಷಯ ಬಯಲಾಗುತ್ತಿತ್ತು. ಹಿರ್ವಿವಾರದಲ್ಲಿ ಇನ್ನೊಬ್ಬರ ಕಷ್ಟದ ಬಗ್ಗೆ ಕೇಳುವುದು ಅಸಭ್ಯತೆ. ಮಾತಾಡದೆ ಸಹಾಯ ಮಾಡುವುದೇ ಸಭ್ಯತೆ. ಓದುಗರು ಸಭ್ಯತೆ ತೋರತೊಡಗಿದರು. ಒಬ್ಬರು ಪುಸ್ತಕ ಹಿಂತಿರುಗಿಸುವಾಗ ಮೂತ್ರಕೋಶಕ್ಕೆ ಒಳ್ಳೆಯದೆನ್ನುವ ಕುಂಬಳ ಬೀಜದ ಪೊಟ್ಟಣವಿಟ್ಟರು. ಇನ್ನೊಬ್ಬರು ಕಾಡುಹಣ್ಣಿನ ಹುಳಿ ರಸ ತಂದುಕೊಟ್ಟರು. ನಿವೃತ್ತ ಅರಣ್ಯ ಕಾವಲುಗಾರನೊಬ್ಬ ಅಗಲ ಬಾಯಿಯ, ಗಟ್ಟಿ ಮುಚ್ಚಳದ ಗಾಜಿನ ಜಾಡಿಯೊಂದನ್ನು ಟೈಸ್ತೊನ ಸೀಟಿನ ಪಕ್ಕ ಇಟ್ಟು, ಟೋಪಿ ಮುಟ್ಟಿ, ಒಂದು ಮಾತೂ ಆಡದೆ ಇಳಿದುಹೋದ.

ಒಳ್ಳೆಯ ಜಾಡಿ ಎಂದುಕೊಂಡು ಟೈಸ್ತೊ ಅದರಲ್ಲಿ ಶುಂಠಿ ಬಿಸ್ಕತ್ತು ತುಂಬಿಟ್ಟ. ಬಂದ ಓದುಗರಿಗೆಲ್ಲ ಮುಚ್ಚಳ ತೆಗೆದು ನೀಡಿದ. ಒಬ್ಬರೂ ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆಯಿಂದ ಬೇಯಿಸಿ ಕೊಟ್ಟವಳು ಐಲಿ, ಇವರಿಗೇನು ಬಂತು ರೋಗ ಎಂದು ಟೋಪಿಯ ಇನ್ನೊಂದು ಕಿವಿಯನ್ನೂ ಇಳಿಸಿದ.

ಲಂಪೆಲದ ಹಿಲ್ಯಾಮ್ಮನಿಗೆ ಎಂಬತ್ನಾಲ್ಕು. ವಾರಕ್ಕೆ ಆರು ಪುಸ್ತಕ ಓದುವವಳು. ಬುಧವಾರ ಬಸ್ಸು ನಿಲ್ದಾಣ ತಲುಪುವ ಮೊದಲೇ ಕಾಲಿನಿಂದ ನೂಕಿಕೊಂಡು ಹೋಗುವ ತನ್ನ ಜಾರುಬಂಡಿಯ ಮೇಲೆ ಪುಸ್ತಕದ ಚೀಲವಿಟ್ಟು ಹೊರಟಿರುತ್ತಾಳೆ. ಅವಳು ಒಂದು ಬುಧವಾರ ಟೈಸ್ತೊನ ಕೈಗೆ ಕಾಗದದ ಪೊಟ್ಟಣವಿಟ್ಟು, ಕೆನ್ನೆ ತಟ್ಟಿ, ಹೊರಟುಹೋದಳು. ಬಿಚ್ಚಿದರೆ ಬೂದು ಉಣ್ಣೆಯ ಎರಡು ಪಟ್ಟಿಗಳು. ಒಂದೊಂದೂ ಎರಡು ಗೇಣು ಅಗಲ, ಎರಡು ತುದಿಗೂ ಕಟ್ಟಿಕೊಳ್ಳಲು ದಾರ. ಸೊಂಟಕ್ಕೂ ಕಿಬ್ಬೊಟ್ಟೆಗೂ ಸುತ್ತಿಕೊಳ್ಳುವ ಪಟ್ಟಿ ಅದು. ಒಂದನ್ನು ಒಗೆದಾಗ ಇನ್ನೊಂದು ಇರಲಿ ಎಂದು ಎರಡು ಹೆಣೆದಿದ್ದಳು.

ಟೈಸ್ತೊ ಎರಡು ಪಟ್ಟಿಗಳನ್ನು ನೋಡಿದ. ಬಸ್ಸಿಗಿರುವ ದೀಪಗಳೂ ಎರಡು. ಇಷ್ಟು ದೊಡ್ಡ ಸೀಮೆಯಲ್ಲಿ ನನ್ನ ಕಷ್ಟ ಗೊತ್ತಾದದ್ದು ಈ ಮುದುಕಿಯೊಬ್ಬಳಿಗೆ, ಅದೂ ಬಾಯಿ ಬಿಡದೆ ಹೆಣೆದು ಕೊಟ್ಟಳಲ್ಲ ಎಂದುಕೊಂಡ. ಕೆಳಗಿಳಿದು ಎರಡನ್ನೂ ಹೆಡ್‌ಲೈಟುಗಳಿಗೆ ನೀಟಾಗಿ ಕಟ್ಟಿದ. ಓದುಗರು ಪುಸ್ತಕ ಆರಿಸುವಷ್ಟು ಹೊತ್ತು ಗಾಜಿಗೆ ಹಿಮ ಹತ್ತುವುದಿಲ್ಲ. ಆಮೇಲೆ ಹಿಲ್ಯಾಮ್ಮನ ಕಿಟಕಿಯ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿದ.

ಕಿಟಕಿಯ ಪರದೆ ಮುಚ್ಚಿಕೊಂಡಿತು. ಹಿಲ್ಯಾಮ್ಮ ಟೆಲಿಫೋನಿನ ಬಳಿ ಹೋಗಿ ಮಿಂತ್ತುವಿನ ನಂಬರು ತಿರುಗಿಸಿದಳು.

"ಮಗಳೇ, ನಾನು ಚಾಡಿ ಹೇಳೋಳಲ್ಲ. ಮೂತ್ರದ ತೊಂದ್ರೆ ಯಾರಿಗೂ ಬರತ್ತೆ. ಆದ್ರೆ ಟೈಸ್ತೊ ಈಗ ಹೊಟ್ಟೆಗೆ ಕಟ್ಕೊಳ್ಳೋ ಪಟ್ಟೀನ ಬಸ್ಸಿಗೆ ಕಟ್ತಿದ್ದಾನೆ. ತಲೆಗೂ ಹತ್ತಿದೆ ಅಂತ ಕಾಣತ್ತೆ."

ಶನಿವಾರ ಸಂಜೆ ಟೈಸ್ತೊ ವಾಡಿಕೆಯಂತೆ ಓಯ್ವಾನ ಮನೆಯ ಸೌನಾಕ್ಕೆ ಹೋದ. ಮರದ ಕೋಣೆ, ಮೂಲೆಯಲ್ಲಿ ಕಾದ ಕಲ್ಲುಗಳು, ಅದರ ಮೇಲೆ ನೀರು ಎರಚಿದರೆ ಏಳುವ ಹಬೆ. ಅಲ್ಲಿ ದನಿ ಎತ್ತಬಾರದು, ಚರ್ಚಿನಲ್ಲಿದ್ದ ಹಾಗಿರಬೇಕು. ಇಬ್ಬರೂ ಅರ್ಧ ಗಂಟೆ ಬೆವರಿದರು.

"ನಮ್ಮಪ್ಪನಿಗೂ ಇತ್ತು," ಎಂದ ಓಯ್ವಾ.

"ಏನು?"

"ಅದೇ. ಆಗಾಗ ಇಳೀಬೇಕಾಗೋದು. ಡಾಕ್ಟ್ರಿಗೆ ತೋರ್ಸು. ನಾಚ್ಕೊಳ್ಳೋದು ಏನಿದೆ? ಊರಿಗೆಲ್ಲ ಗೊತ್ತಿದೆ, ಯಾರೂ ನಗ್ತಿಲ್ಲ."

ಕುಂಬಳ ಬೀಜ, ಹುಳಿ ರಸ, ಗಾಜಿನ ಜಾಡಿ ಎಲ್ಲವೂ ಟೈಸ್ತೊನ ಕಣ್ಣ ಮುಂದೆ ಒಂದೊಂದಾಗಿ ಹಾದುಹೋದವು. ಜಾಡಿಯ ಹತ್ತಿರ ಬಂದಾಗ ಅವನ ಕೋಪ ನೆತ್ತಿಗೇರಿತು. ಕೂಗುವಂತಿಲ್ಲ. ಇಳಿಸಲು ತಲೆಯ ಮೇಲೆ ಟೋಪಿಯೂ ಇಲ್ಲ. ಅವನು ಸೌಟು ತೆಗೆದುಕೊಂಡು ಕಲ್ಲಿನ ಮೇಲೆ ನೀರು ಹಾಕಿದ.

"ನನಗೆ," ಎಂದ ಮೆಲುದನಿಯಲ್ಲಿ. ಒಂದು ಸೌಟು. "ಏನೂ." ಇನ್ನೊಂದು ಸೌಟು. "ಆಗಿಲ್ಲ." ಮೂರನೆಯದು.

"ಹಾಗಾದ್ರೆ ದಾರೀಲಿ ಯಾಕೆ ನಿಲ್ಲಿಸ್ತೀಯ?" ಎಂದ ಓಯ್ವಾ ಕಿವಿ ಮುಚ್ಚಿಕೊಂಡು.

ಇದಕ್ಕೆ ನಿಜವಾದ ಉತ್ತರವೊಂದಿತ್ತು. ಆ ಉತ್ತರದ ಫೋಟೋ ಗ್ರಂಥಾಲಯದ ಬಾಗಿಲಲ್ಲಿ ಚೌಕಟ್ಟಿನೊಳಗಿತ್ತು. ಟೈಸ್ತೊ ಇಡೀ ಬಕೀಟನ್ನು ಕಲ್ಲಿನ ಮೇಲೆ ಸುರಿದ. ಓಯ್ವಾ ಬಾಗಿಲು ತೆಗೆದುಕೊಂಡು ಹುಟ್ಟಿದ ಮೇಲೆ ಎಂದೂ ಓಡದಷ್ಟು ವೇಗವಾಗಿ ಹಿಮದೊಳಕ್ಕೆ ಓಡಿದ.

ಸೋಮವಾರ ಮಿಂತ್ತು ಅವನನ್ನು ಕರೆಸಿದಳು. ಮೇಜಿನ ಮೇಲೆ 'ಚಾಲಕರ ಆರೋಗ್ಯ' ಎಂಬ ನಮೂನೆಯಿತ್ತು.

"ಕೂತ್ಕೊಳ್ಳಿ ಟೈಸ್ತೊ. ನಿಮ್ಮ ಆರೋಗ್ಯ ನಮಗೆ ಮುಖ್ಯ."

"ನನ್ನ ಆರೋಗ್ಯ ನನಗೆ ಗೊತ್ತು."

"ಬುಧವಾರದ ಬಸ್ಸು ಲಂಪೆಲಕ್ಕೆ ಪ್ರತಿ ವಾರ ಇಪ್ಪತ್ತು ನಿಮಿಷ ತಡ. ಮಧ್ಯೆ ಆರು ಸಲ ನಿಲ್ಲತ್ತೆ. ಆಮೇಲೆ ಆ ಉಣ್ಣೆ ಪಟ್ಟಿ ವಿಷ್ಯ..." ಮಿಂತ್ತು ನಮೂನೆಯನ್ನು ನೇರ ಮಾಡಿದಳು. "ಜನವರಿಯಿಂದ ನಿಮಗೆ ಕೆಳಗೆ ಬೆಚ್ಚಗಿರೋ ಕಡೆ ಕೆಲಸ. ಶೌಚಾಲಯ ಪಕ್ಕದಲ್ಲೇ ಇದೆ."

ಟೈಸ್ತೊನಿಗೆ ಅಳು ಬರುವಷ್ಟು ಕೋಪ ಬಂತು. ಬಾಗಿಲ ಬಳಿ ಹೋದ, ತಿರುಗಿ ಬಂದ.

"ಈ ಬುಧವಾರ ನನ್ನ ಪಕ್ಕ ಕೂತ್ಕೊಂಡು ಬನ್ನಿ. ಅರವತ್ನಾಲ್ಕು ಕಿಲೋಮೀಟರು. ಒಂದೇ ಒಂದು ಸಲ ಬಸ್ಸು ನಿಂತ್ರೆ ನಾನೇ ಕೆಳಗೆ ಹೋಗಿ ಚೀಟಿ ಅಂಟಿಸ್ತೀನಿ."

ಆಗ ಬಿತ್ತು ಗದ್ದದ ಕೆಳಗೆ ಗಂಟು. ಐಲಿ ಆ ಸಂಜೆಯೇ ತಂಗಿಯ ಮನೆಗೆ ಹೋದಳು.

ಬುಧವಾರ ಹಿಮ ಸುರಿಯುತ್ತಿತ್ತು. ಸುರಿಯದೆ ಇರುತ್ತದೆಯೇ? ಮಿಂತ್ತು ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ನಮೂನೆ ಇಟ್ಟುಕೊಂಡು ಕೂತಳು. ಇಪ್ಪತ್ತು ಕಿಲೋಮೀಟರು ಸುಖವಾಗಿ ಸಾಗಿತು ಎಂದು ಟೈಸ್ತೊ ಮನಸ್ಸಿಗೆ ಹೇಳಿಕೊಂಡ. ಮೂವತ್ತರಲ್ಲಿ ಓಯ್ವಾನ ಲಾರಿ ಎದುರಿನಿಂದ ಬಂದು ಒಂದು ಮೋಡದಷ್ಟು ಹಿಮಪುಡಿಯನ್ನು ಬಸ್ಸಿನ ಮುಖಕ್ಕೆ ಎರಚಿ, ಸೌನಾದ ಲೆಕ್ಕ ತೀರಿಸಿಕೊಂಡು ಹೋಯಿತು. ಅಲ್ಲಿಂದ ಮುಂದೆ ರಸ್ತೆಯ ಮೇಲೆ ಬಿದ್ದದ್ದು ಬೆಳಕಲ್ಲ, ಬೆಳಕಿನ ನೆನಪು.

"ಟೈಸ್ತೊ, ಹೆಡ್‌ಲೈಟು ಹಾಕಿದ್ದೀರಾ?"

"ಹಾಕಿದ್ದೀನಿ."

"ನಂಗೆ ರಸ್ತೆ ಕಾಣ್ತಿಲ್ಲ."

"ನಿಮಗ್ಯಾಕೆ ಕಾಣ್ಬೇಕು? ಓಡಿಸ್ತಿರೋದು ನಾನು."

"ನಿಮಗೆ ಕಾಣ್ತಿದೆಯಾ?"

ಟೈಸ್ತೊ ಸ್ಟೀರಿಂಗಿನ ಮೇಲೆ ಇನ್ನಷ್ಟು ಮುಂದಕ್ಕೆ ಬಾಗಿದ.

"ಅಭ್ಯಾಸ ಇದೆ," ಎಂದ ಟೈಸ್ತೊ.

"ನಿಲ್ಲಿಸಿ."

"ನಿಲ್ಲಿಸಿದ್ರೆ ನೀವು ಬರ್ಕೋತೀರಿ."

"ಬರ್ಕೊಳ್ಳಲ್ಲ. ನಿಲ್ಲಿಸಿ ಅಂದೆ."

"ಪೆನ್ನು ಕೈಯಲ್ಲೇ ಇದೆಯಲ್ಲ."

ಮಿಂತ್ತು ಪೆನ್ನನ್ನು ಎಸೆದು ಎರಡೂ ಕೈಯಿಂದ ಸೀಟು ಹಿಡಿದುಕೊಂಡಳು. ಟೈಸ್ತೊ ಮೂವತ್ತೊಂದು ವರ್ಷದ ನೆನಪಿನ ಮೇಲೆ ತಿರುವುಗಳನ್ನು ಎಣಿಸುತ್ತಾ ಓಡಿಸಿದ. ಇಲ್ಲೊಂದು ಸೇತುವೆ, ಇಲ್ಲಿ ಹಿಮಸಾರಂಗದ ಬೇಲಿ, ಇನ್ನು ಲಂಪೆಲಕ್ಕೆ ಎರಡೇ ಕಿಲೋಮೀಟರು, ಇನ್ನು ಒಂದು. ಗೆದ್ದೆ ಎಂದುಕೊಂಡ.

ಆ ಕಡೆಯವರೆಲ್ಲ ಕತ್ತಲಲ್ಲಿ ಹೊರಗೆ ಹೋಗುವಾಗ ಕೋಟಿಗೆ ಹೊಳೆಯುವ ಬಿಲ್ಲೆಯೊಂದನ್ನು ನೇತುಹಾಕಿಕೊಳ್ಳುತ್ತಾರೆ. ಹೆಡ್‌ಲೈಟು ಬಿದ್ದರೆ ಅದು ದೂರದಿಂದಲೇ ಮಿನುಗುತ್ತದೆ. ಹಿಲ್ಯಾಮ್ಮನ ಕೋಟಿನಲ್ಲೂ ಅದಿತ್ತು. ಅವಳು ಜಾರುಬಂಡಿ ನೂಕಿಕೊಂಡು ರಸ್ತೆಯ ಅಂಚಿನಲ್ಲಿ ಬರುತ್ತಿದ್ದಳು. ಬಿಲ್ಲೆ ಮಿನುಗಲಿಲ್ಲ, ಮಿನುಗಲು ಅದಕ್ಕೆ ಬೆಳಕೇ ತಲುಪಲಿಲ್ಲ. ಬಸ್ಸಿನ ಮೂತಿಯ ಮುಂದೆ ಒಂದು ಕಪ್ಪು ಆಕಾರ ಎದ್ದು ನಿಂತಾಗ ಟೈಸ್ತೊ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದ. ಬಸ್ಸು ಅಡ್ಡಡ್ಡ ಜಾರಿ ರಸ್ತೆ ಬದಿಯ ಹಿಮದ ದಿಬ್ಬಕ್ಕೆ ಮುಖವನ್ನು ಹೂತು ನಿಂತಿತು. ಹಿಂದೆ ಕಪಾಟಿನ ಪುಸ್ತಕಗಳೆಲ್ಲ ಒಂದಾದ ಮೇಲೊಂದು ಬಿದ್ದವು. ಕೊನೆಗೆ ಜಾಡಿಯೂ ಬಿತ್ತು.

ಹಿಲ್ಯಾಮ್ಮ ನಾಲ್ಕು ಹೆಜ್ಜೆ ಆಚೆ ಜಾರುಬಂಡಿ ಹಿಡಿದು ನಿಂತಿದ್ದಳು. ಬಾಗಿಲು ತೆರೆದಾಗ ಒಳಗಿಣುಕಿದಳು.

"ಇವತ್ತು ಎಂಟು ನಿಮಿಷ ಬೇಗ ಬಂದ್ಯಲ್ಲ," ಎಂದಳು.

ಟೈಸ್ತೊ ಸ್ಟೀರಿಂಗನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಮುದುಕಿ ಪುಸ್ತಕ ಬದಲಿಸಿಕೊಂಡು ಹೋಗುವವರೆಗೆ ಹಾಗೆಯೇ ಕೂತಿದ್ದ. ಆಮೇಲೆ ಕೋಟಿನೊಳಗಿಂದ ಬ್ರಷ್ಷನ್ನು ತೆಗೆದು ಮಿಂತ್ತುವಿನ ನಮೂನೆಯ ಮೇಲಿಟ್ಟ.

"ದೀಪಕ್ಕೆ ಹಿಮ ಮೆತ್ಕೊಳತ್ತೆ. ಬಿಸಿ ಬೇಕಿತ್ತು. ನಂಗೆ ಗೊತ್ತಿರ್ಲಿಲ್ಲ, ಗೊತ್ತಿದೆ ಅಂದೆ. ನಾನು ಇಳೀತಿದ್ದಿದ್ದು ಇದಕ್ಕೆ. ತಪ್ಪು ನಂದು ಅಂತ ಬರ್ಕೊಳ್ಳಿ."

ಮಿಂತ್ತು ಬ್ರಷ್ಷನ್ನು ತಿರುಗಿಸಿ ನೋಡಿದಳು. ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಯೋಚನೆ ಬಂತು.

"ಬರ್ಕೊಂಡ್ರೆ ಹಳೇ ತೀರ್ಮಾನ ತಪ್ಪು ಅಂತ ಆಗತ್ತೆ. ಅದರ ಕೆಳಗೆ ನನ್ನ ಸಹಿ ಇದೆ. ಮತ್ತೆ ಸಭೆ, ಮತ್ತೆ ಟೆಂಡರು, ತಂತಿ ಬರೋದು ಮುಂದಿನ ಅಕ್ಟೋಬರಿಗೆ. ಅಲ್ಲೀವರೆಗೂ ಬಸ್ಸು ಶೆಡ್ಡಲ್ಲಿ, ನೀವು ಕೆಳಗೆ."

"ಮತ್ತೆ?"

"ಚಾಲಕರ ಆರೋಗ್ಯಕ್ಕೆ ಬೇಕಾದ ಸಲಕರಣೆ ಅಂದ್ರೆ ಸಭೆ ಬೇಕಿಲ್ಲ. ಶುಕ್ರವಾರವೇ ಹಾಕ್ಸಬಹುದು." ಪೆನ್ನು ಹುಡುಕಿ ತೆಗೆದು ಬರೆದಳು: ಚಾಲಕರು ದಾರಿಯಲ್ಲಿ ಪದೇಪದೇ ಇಳಿಯಬೇಕಾಗುವ ತೊಂದರೆಯನ್ನು ನಿವಾರಿಸುವ ಸಲಕರಣೆ. "ಇದರಲ್ಲಿ ಒಂದಕ್ಷರ ಸುಳ್ಳಿದೆಯಾ, ನೀವೇ ಹೇಳಿ."

ಒಂದಕ್ಷರವೂ ಸುಳ್ಳಿರಲಿಲ್ಲ. ಟೈಸ್ತೊನಿಗೆ ಆ ಹಾಳೆಯನ್ನು ನುಂಗಿಬಿಡುವಷ್ಟು ಕೋಪ ಬಂತು. ಕಿಟಕಿಯಾಚೆ ಹಿಲ್ಯಾಮ್ಮನ ಜಾರುಬಂಡಿಯ ಗೆರೆ ಕಂಡಿತು, ಬಸ್ಸು ಜಾರಿದ ಗೆರೆಯೂ ಕಂಡಿತು. ಎರಡರ ನಡುವೆ ನಾಲ್ಕೇ ಹೆಜ್ಜೆ. ಅವನು ಸಹಿ ಹಾಕಿದ.

ಶುಕ್ರವಾರ ಹೆಡ್‌ಲೈಟಿನ ಗಾಜಿಗೆ ಬಿಸಿತಂತಿ ಬಂತು. ಮುಂದಿನ ಬುಧವಾರ ಬಸ್ಸು ದಾರಿಯಲ್ಲಿ ಒಂದು ಸಲವೂ ನಿಲ್ಲದೆ, ನಿಮಿಷಕ್ಕೆ ಸರಿಯಾಗಿ ಲಂಪೆಲ ತಲುಪಿತು. ಎರಡು ಫರ್ಲಾಂಗು ದೂರದಿಂದಲೇ ಹಿಲ್ಯಾಮ್ಮನ ಬಿಲ್ಲೆ ಮಿನುಗಿತು. ಟೈಸ್ತೊ ಸ್ಟೀರಿಂಗಿನ ಹಿಂದೆ ಕೂತು, ಕೆಳಗೆ ಹೋಗದೆ ಉಳಿದೆನಲ್ಲ ಎಂದು ಉಸಿರುಬಿಟ್ಟ.

ಊರು ಇದನ್ನೆಲ್ಲ ಗಮನಿಸಿತು. ಆರು ಸಲ ನಿಲ್ಲುತ್ತಿದ್ದ ಟೈಸ್ತೊ ಈಗ ನಿಲ್ಲುತ್ತಿಲ್ಲ. ಕಾರಣ ಆ ಉಣ್ಣೆ ಪಟ್ಟಿಯೇ ಎಂದು ಎಲ್ಲರಿಗೂ ಗೊತ್ತಿತ್ತು. ಹಿಲ್ಯಾಮ್ಮನ ಮನೆಗೆ ಸುತ್ತಲಿನ ಊರುಗಳಿಂದ ಉಣ್ಣೆ ಬರತೊಡಗಿತು. ಅರಣ್ಯ ಕಾವಲುಗಾರ ಎರಡು ಪಟ್ಟಿ ಕೇಳಿದ. ಓಯ್ವಾ ಕತ್ತಲಾದ ಮೇಲೆ ಬಂದು, ನನಗಲ್ಲ, ಪರಿಚಯದವರೊಬ್ಬರಿಗೆ ಎಂದು ಸೊಂಟದ ಅಳತೆ ಮಾತ್ರ ತನ್ನದೇ ಕೊಟ್ಟುಹೋದ. ಊರಿನ ಪತ್ರಿಕೆಯವರು ಹಿಲ್ಯಾಮ್ಮನ ಫೋಟೋ ಹಾಕಿದರು. ಮಿಂತ್ತು ಅದಕ್ಕೂ ಚೌಕಟ್ಟು ಹಾಕಿಸಿ ಟೈಸ್ತೊನ ಫೋಟೋದ ಪಕ್ಕದಲ್ಲೇ ತೂಗುಹಾಕಿಸಿದಳು.

ಇಷ್ಟನ್ನೂ ಟೈಸ್ತೊ ನಾಲ್ಕು ತಿಂಗಳು ಗಂಟು ಬಿಚ್ಚದೆ ಸಹಿಸಿದ. ಏಪ್ರಿಲಿನ ಒಂದು ಬುಧವಾರ, ಹೊರಗೆ ಹಗಲಿರುವಾಗ, ಹಿಲ್ಯಾಮ್ಮ ಬಸ್ಸು ಹತ್ತಿ, "ಈಗ ಹೇಗಿದ್ದೀಯ?" ಎಂದು ಮೊದಲ ಸಲ ಬಾಯಿ ಬಿಟ್ಟು ಕೇಳಿದಳು. ಟೈಸ್ತೊ ಸೀಟಿನಿಂದ ಎದ್ದ. ಬಸ್ಸಿನಲ್ಲಿ ಇನ್ನೂ ಮೂವರು ಓದುಗರಿದ್ದರು.

"ನನಗೇನೂ ಆಗೇ ಇರ್ಲಿಲ್ಲ ಹಿಲ್ಯಾಮ್ಮ. ಮೂತ್ರನೂ ಸರಿ ಇತ್ತು, ತಲೆನೂ ಸರಿ ಇತ್ತು. ಅದು ದೀಪ. ಹೆಡ್‌ಲೈಟಿಗೆ ಹಿಮ ಮೆತ್ಕೋತಿತ್ತು, ನಾನು ಇಳಿದು ಒರೆಸ್ತಿದ್ದೆ. ಬಿಸಿ ಬೇಡ ಅಂದಿದ್ದೋನೂ ನಾನೇ. ನಾನು ದಡ್ಡ. ದಡ್ಡ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಿ ಮುಚ್ಚಿಟ್ಟೆ. ಆ ಬುಧವಾರ ಅದರಿಂದ್ಲೇ ನಿಮ್ಮ ಮೇಲೆ ಬಸ್ಸು ಹತ್ತಿಸೋದ್ರಲ್ಲಿದ್ದೆ. ತಪ್ಪಾಯ್ತು."

ಮೂವತ್ತೊಂದು ವರ್ಷಗಳಲ್ಲಿ ಅವನು ಬಸ್ಸಿನೊಳಗೆ ಅಷ್ಟು ಮಾತಾಡಿರಲಿಲ್ಲ. ಓದುಗರಲ್ಲಿ ಒಬ್ಬರು ಕಪಾಟಿನ ಕಡೆ ತಿರುಗಿದರು. ಇನ್ನೊಬ್ಬರು ಕೆಮ್ಮಿದರು. ಮೂರನೆಯವರು ಕೈಗೆ ಸಿಕ್ಕ ಪುಸ್ತಕ ಬಿಡಿಸಿಕೊಂಡು ಓದತೊಡಗಿದರು.

ಹಿಲ್ಯಾಮ್ಮನ ಕಣ್ಣಲ್ಲಿ ನೀರು ಬಂತು. ಟೈಸ್ತೊನ ಗದ್ದದ ಕೆಳಗಿನ ಗಂಟನ್ನು ತಾನೇ ಬಿಚ್ಚಿ, ಟೋಪಿಯ ಎರಡೂ ಕಿವಿಗಳನ್ನು ಮೇಲೆತ್ತಿದಳು.

"ಹೌದು ಮಗಾ, ದೀಪವೇ," ಎಂದಳು. "ಯಾರಾದ್ರೂ ಕೇಳಿದ್ರೆ ನಾವೆಲ್ಲ ಹಾಗೇ ಹೇಳ್ತೀವಿ."